ಸೊನೊರಾ ಮರುಭೂಮಿಯಲ್ಲಿ ಸಣ್ಣ ಬೇಟೆ

ಸೊನೊರಾ ಮರುಭೂಮಿಯು ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗ ಮತ್ತು ಮೆಕ್ಸಿಕೋದ ವಾಯವ್ಯ ಭಾಗದಲ್ಲಿ ಹರಡಿದೆ. ಅಲ್ಲಿ ಲಾವಕ್ಕಿ, ಬೆಳವ, ಮೊಲ ಮೊದಲಾದ ಚಿಕ್ಕ ಪ್ರಾಣಿಪಕ್ಷಿಗಳನ್ನು ಪರವಾನಗಿ ಪಡೆದು, ನಿಗದಿತ ಋತುವಿನಲ್ಲಿ, ನಿಗದಿತ ಸಂಖ್ಯೆಯನ್ನು ಮೀರದಂತೆ ಬೇಟೆಯಾಡುವುದನ್ನು ಸಣ್ಣ ಬೇಟೆ ಎನ್ನಲಾಗುತ್ತದೆ. ಜಿಂಕೆ, ಕಾಡುಕುರಿ ಮುಂತಾದವುಗಳ ಬೇಟೆ ದೊಡ್ಡ ಬೇಟೆಯೆನಿಸಿಕೊಳ್ಳುತ್ತದೆ ಮತ್ತು ಅದರ ನಿಯಮಗಳು ಬೇರೆ. ಈ ಲೇಖನವು ಮುಖ್ಯವಾಗಿ ಮರುಭೂಮಿಯ ಅರಿಜೋನಾ ರಾಜ್ಯದ ಭಾಗಕ್ಕೆ ಸಂಬಂಧಿಸಿದೆ.

ಈ ಪ್ರದೇಶದ ಸಣ್ಣ ಬೇಟೆಯನ್ನು ಮಳೆಯಾಶ್ರಿತ ಬೆಳೆಗೆ ಹೋಲಿಸಬಹುದು. ಒಂದು ವರ್ಷ ಕುರುಚಲು ಕಾಡಿನ ತುಂಬ ಲಾವಕ್ಕಿಗಳ ಹಿಂಡುಗಳಿದ್ದರೆ, ಮತ್ತೊಂದು ವರ್ಷ ಅದೇ ಜಾಗದಲ್ಲಿ ದಿನವಿಡೀ ನಡೆದರೂ ಒಂದು ಹಿಂಡು ಕಾಣದಿರಬಹುದು. ಈ ಏರಿಳಿತಕ್ಕೆ ಬೇಟೆಗಾರರ ಸಂಖ್ಯೆಯಾಗಲಿ, ಬೇಟೆಯ ಋತುವಿನ ಉದ್ದವಾಗಲಿ ಮುಖ್ಯ ಕಾರಣವಲ್ಲ. ಹಿಂದಿನ ಚಳಿಗಾಲದಲ್ಲಿ ಬಿದ್ದ ಮಳೆಯೇ ಕಾರಣವೆಂಬುದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸ್ಪಷ್ಟವಾಯಿತು. ಅರಿಜೋನಾದ ಇಂದಿನ ಬೇಟೆ ನಿಯಮಗಳು ಬಹುಮಟ್ಟಿಗೆ ಆ ತಿಳಿವಳಿಕೆಯನ್ನು ಆಧರಿಸಿವೆ.

ಪ್ರದೇಶ ಮತ್ತು ಮಳೆ

ಸೊನೊರಾ ಮರುಭೂಮಿಯ ವಿಸ್ತೀರ್ಣ ಸುಮಾರು 2,60,000 ಚದರ ಕಿಲೋಮೀಟರ್. ಅರಿಜೋನಾದ ದಕ್ಷಿಣಾರ್ಧ, ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆ, ಮೆಕ್ಸಿಕೋದ ಸೊನೊರಾ ರಾಜ್ಯ ಹಾಗೂ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪದ ಬಹುಭಾಗ ಇದರಲ್ಲಿ ಸೇರಿವೆ. ಮರುಭೂಮಿಯೆಂದೊಡನೆ ಕಣ್ಣಮುಂದೆ ಬರುವ ಮರಳುದಿಬ್ಬಗಳು ಇಲ್ಲಿ ಅಲ್ಪ. ಸಗುವಾರೊ ಎಂಬ ಎತ್ತರದ ಕಳ್ಳಿ, ಪಾಲೊ ವರ್ಡೆ, ಐರನ್‌ವುಡ್, ಕ್ರಿಯೊಸೋಟ್ ಪೊದೆ ಮತ್ತು ಮೆಸ್ಕೀಟ್ ಮರಗಳಿಂದ ಕೂಡಿದ ಕುರುಚಲು ಕಾಡೇ ಇಲ್ಲಿನ ಸಾಮಾನ್ಯ ದೃಶ್ಯ. ಕರ್ನಾಟಕದ ಬಯಲುಸೀಮೆಯಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯು ಈ ಮೆಸ್ಕೀಟಿನ ಹತ್ತಿರದ ಸಂಬಂಧಿ. ಅದೂ ಅಮೆರಿಕ ಖಂಡದಿಂದಲೇ ಭಾರತಕ್ಕೆ ಬಂದದ್ದು.

ವಾರ್ಷಿಕ ಮಳೆ ಯೂಮಾ ನಗರದಲ್ಲಿ 100 ಮಿಲಿಮೀಟರಿಗಿಂತ ಕಡಿಮೆ, ಫೀನಿಕ್ಸ್‌ನಲ್ಲಿ 200 ಮಿಲಿಮೀಟರಿನೊಳಗೆ, ಟಕ್ಸನ್‌ನಲ್ಲಿ 270 ಮಿಲಿಮೀಟರಿನ ಆಸುಪಾಸು. ಆದರೆ ಒಟ್ಟು ಮಳೆಗಿಂತ ಅದು ಯಾವಾಗ ಬೀಳುತ್ತದೆ ಎಂಬುದು ಇಲ್ಲಿ ಮುಖ್ಯ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಪೆಸಿಫಿಕ್ ಸಾಗರದ ಕಡೆಯಿಂದ ಬರುವ ಮೋಡಗಳು ಮೃದುವಾದ, ಬಹುಹೊತ್ತು ಹಿಡಿಯುವ ಮಳೆ ತರುತ್ತವೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗುಡುಗು ಸಹಿತ ಅಬ್ಬರದ ಮಳೆ ಸುರಿಯುತ್ತದೆ. ಅದನ್ನು ಅಲ್ಲಿನವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ವರ್ಷಕ್ಕೆ ಎರಡು ಮಳೆಗಾಲಗಳಿರುವುದರಿಂದಲೇ ಸೊನೊರಾ ಜಗತ್ತಿನ ಇತರ ಅನೇಕ ಮರುಭೂಮಿಗಳಿಗಿಂತ ಹೆಚ್ಚು ಹಸಿರಾಗಿದೆ. ಪಶ್ಚಿಮಕ್ಕೆ ಹೋದಂತೆ ಚಳಿಗಾಲದ ಮಳೆಯ ಪಾಲು, ಪೂರ್ವಕ್ಕೆ ಹೋದಂತೆ ಬೇಸಗೆಯ ಮಳೆಯ ಪಾಲು ಹೆಚ್ಚುತ್ತದೆ. ಇಲ್ಲಿನ ಬೇಟೆಯ ಹಕ್ಕಿಗಳಲ್ಲಿ ಕೆಲವು ಮೊದಲ ಮಳೆಯನ್ನೂ ಕೆಲವು ಎರಡನೆಯ ಮಳೆಯನ್ನೂ ನಂಬಿವೆ.

ಇತಿಹಾಸ

ಈ ಪ್ರದೇಶದಲ್ಲಿ ಸಣ್ಣ ಬೇಟೆ ಬಹಳ ಪ್ರಾಚೀನವಾದುದು. ಗಿಲಾ ಮತ್ತು ಸಾಲ್ಟ್ ನದಿಗಳ ಕಣಿವೆಗಳಲ್ಲಿ ಕಾಲುವೆ ನೀರಾವರಿ ಕಟ್ಟಿಕೊಂಡು ಬಾಳಿದ ಹೊಹೊಕಾಮ್ ಜನರ ನೆಲೆಗಳನ್ನು ಉತ್ಖನನ ಮಾಡಿದಾಗ ದೊರೆಯುವ ಪ್ರಾಣಿಗಳ ಮೂಳೆಗಳಲ್ಲಿ ಮೊಲಗಳದೇ ಸಿಂಹಪಾಲು. ಪುರಾತತ್ತ್ವಜ್ಞರು ಈ ಮೂಳೆಗಳಲ್ಲಿ ಪೊದೆಗಳ ನಡುವೆ ಬದುಕುವ ಕಾಟನ್‌ಟೇಲ್ ಮೊಲ ಎಷ್ಟು, ಬಯಲಿನಲ್ಲಿ ಓಡುವ ಜಾಕ್‌ರ್ಯಾಬಿಟ್ ಎಷ್ಟು ಎಂದು ಲೆಕ್ಕಹಾಕುತ್ತಾರೆ. ಜನ ಬಹುಕಾಲ ನೆಲೆಸಿದ ಊರಿನ ಸುತ್ತ ಸೌದೆಗೂ ಹೊಲಕ್ಕೂ ಪೊದೆಗಳನ್ನು ಕಡಿದಂತೆ ಬಯಲಿನ ಮೊಲದ ಪಾಲು ಏರುತ್ತದೆ. ಹೀಗೆ ಅಡಿಗೆಯ ಕಸದಿಂದ ಊರಿನ ಸುತ್ತಲಿನ ಭೂದೃಶ್ಯವನ್ನು ಊಹಿಸಲು ಸಾಧ್ಯವಾಗುತ್ತದೆ. ಒ'ಒಧಾಮ್ ಜನರಲ್ಲಿ ಊರಿನವರೆಲ್ಲ ಸೇರಿ ಸಾಲಾಗಿ ನಿಂತು ಮೊಲಗಳನ್ನು ಅಟ್ಟಿಕೊಂಡು ಬಂದು ಹಿಡಿಯುವ ಸಾಮೂಹಿಕ ಬೇಟೆಯ ರೂಢಿಯಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು ಬಂದ ಮೇಲೆ ಬೇಟೆ ವ್ಯಾಪಾರವಾಯಿತು. ಲಾವಕ್ಕಿಗಳನ್ನು ಬೋನುಗಳಲ್ಲಿ ಹಿಡಿದು ಡಜನ್ ಲೆಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೊದಲಾದ ನಗರಗಳ ಮಾರುಕಟ್ಟೆಗೆ ಕಳುಹಿಸಲಾಗುತ್ತಿತ್ತು. ಅದೇ ಕಾಲದಲ್ಲಿ ಮಿತಿಮೀರಿದ ದನಗಳ ಮೇಯುವಿಕೆ ಮತ್ತು 1891–93ರ ತೀವ್ರ ಬರದಿಂದ ದಕ್ಷಿಣ ಅರಿಜೋನಾದ ಹುಲ್ಲುಗಾವಲುಗಳು ಬರಿದಾದವು. ಹಕ್ಕಿಗಳ ಸಂಖ್ಯೆ ಕುಸಿಯಿತು. ಅದರ ಪರಿಣಾಮವಾಗಿ ಮಾರಾಟಕ್ಕಾಗಿ ಬೇಟೆಯಾಡುವುದನ್ನು ನಿಷೇಧಿಸಿ, ಋತುವನ್ನು ಬಹಳ ಚಿಕ್ಕದಾಗಿಸುವ ನಿಯಮಗಳು ಬಂದವು. ಹಕ್ಕಿಗಳು ಕಡಿಮೆಯಾದರೆ ಬಂದೂಕೇ ಕಾರಣ, ಆದ್ದರಿಂದ ಬೇಟೆಯ ದಿನಗಳನ್ನು ಕಡಿತಗೊಳಿಸಬೇಕು ಎಂಬುದು ಅಂದಿನ ತರ್ಕವಾಗಿತ್ತು.

ಗ್ಯಾಂಬೆಲ್ ಲಾವಕ್ಕಿ

ಸೊನೊರಾದ ಸಣ್ಣ ಬೇಟೆಯಲ್ಲಿ ಪ್ರಧಾನವಾದುದು ಗ್ಯಾಂಬೆಲ್ ಲಾವಕ್ಕಿ. 1849ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡ ತರುಣ ಪ್ರಕೃತಿವಿಜ್ಞಾನಿ ವಿಲಿಯಂ ಗ್ಯಾಂಬೆಲ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. ಹಣೆಯಿಂದ ಮುಂದಕ್ಕೆ ಬಾಗಿದ ಕಪ್ಪು ಜುಟ್ಟು ಇದರ ಗುರುತು. ತೂಕ ಇನ್ನೂರು ಗ್ರಾಮಿನೊಳಗೆ. ಚಳಿಗಾಲದಲ್ಲಿ ಹಿಂಡುಗಳಲ್ಲಿದ್ದು, ವಸಂತದಲ್ಲಿ ಜೋಡಿಯಾಗಿ ಬೇರ್ಪಟ್ಟು, ನೆಲದ ಮೇಲಿನ ಗೂಡಿನಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಮೊಟ್ಟೆಗಳನ್ನು ಇಡುತ್ತದೆ.

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಮಳೆಯಾದರೆ ಮರುಭೂಮಿಯ ನೆಲದಲ್ಲಿ ಏಕವಾರ್ಷಿಕ ಸಸ್ಯಗಳು ಹಬ್ಬುತ್ತವೆ. ಲಾವಕ್ಕಿಗಳು ಈ ಹಸಿರೆಲೆಗಳನ್ನು ತಿಂದು ಸಂತಾನೋತ್ಪತ್ತಿಗೆ ಸಿದ್ಧವಾಗುತ್ತವೆ. ನಂತರ ಅದೇ ಗಿಡಗಳು ಮರಿಗಳಿಗೆ ಬೇಕಾದ ಕೀಟಗಳನ್ನೂ ಹಿಂಡಿಗೆ ವರ್ಷಪೂರ್ತಿ ಬೇಕಾದ ಬೀಜಗಳನ್ನೂ ಒದಗಿಸುತ್ತವೆ. ಚಳಿಗಾಲ ಒಣಗಿಹೋದರೆ ಚಿತ್ರ ಪೂರ್ತಿ ಬೇರೆಯಾಗುತ್ತದೆ. ತೀರ ಒಣ ವರ್ಷಗಳಲ್ಲಿ ಅನೇಕ ಹಕ್ಕಿಗಳು ಜೋಡಿಯಾಗದೆ, ಗೂಡುಕಟ್ಟುವ ಪ್ರಯತ್ನವನ್ನೇ ಮಾಡದೆ, ಬೇಸಗೆಯಲ್ಲೂ ಹಿಂಡಿನಲ್ಲೇ ಉಳಿದುಬಿಡುತ್ತವೆ.

ಹಸಿರೆಲೆಯಲ್ಲಿರುವ ಯಾವ ಅಂಶ ಈ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಹಲವು ಸಂಶೋಧನೆಗಳು ನಡೆದಿವೆ. 1964ರಲ್ಲಿ ಪ್ರಕಟವಾದ ಹಂಗರ್‌ಫರ್ಡ್ ಅವರ ಅಧ್ಯಯನವು ಎ ಜೀವಸತ್ವಕ್ಕೂ ಗ್ಯಾಂಬೆಲ್ ಲಾವಕ್ಕಿಯ ಸಂತಾನೋತ್ಪತ್ತಿಗೂ ಇರುವ ಸಂಬಂಧವನ್ನು ಪರಿಶೀಲಿಸಿತು. 1976ರಲ್ಲಿ ಸ್ಟಾರ್ಕರ್ ಲಿಯೊಪೋಲ್ಡ್ ಮತ್ತು ಸಂಗಡಿಗರು ಸಮೀಪದ ಪ್ರಭೇದವಾದ ಕ್ಯಾಲಿಫೋರ್ನಿಯಾ ಲಾವಕ್ಕಿಯ ಬಗ್ಗೆ ಬೇರೊಂದು ವಿವರಣೆ ಮುಂದಿಟ್ಟರು. ಮಳೆ ಸಾಲದೆ ಗಿಡ್ಡಾಗಿ ಬೆಳೆದ ಗಿಡಗಳ ಎಲೆಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹೋಲುವ ಸಸ್ಯರಾಸಾಯನಿಕಗಳು ಹೆಚ್ಚಿದ್ದು, ಅವು ಸಂತಾನೋತ್ಪತ್ತಿಯನ್ನು ತಡೆಯಬಹುದು ಎಂಬುದು ಅವರ ಸೂಚನೆ. ಅಂದರೆ ಬರಗಾಲದ ಎಲೆಯೇ ಹಕ್ಕಿಗೆ ‘ಈ ವರ್ಷ ಬೇಡ’ ಎಂಬ ಸಂದೇಶ ಕೊಡುತ್ತಿರಬಹುದು. ನೀರು, ಆಹಾರ, ಜೀವಸತ್ವ, ಹಾರ್ಮೋನು ಇವುಗಳಲ್ಲಿ ಯಾವುದೊಂದೇ ಸಾಕಾದ ವಿವರಣೆಯಲ್ಲ. ಮಳೆಗೂ ಮರಿಗಳ ಸಂಖ್ಯೆಗೂ ಇರುವ ನಂಟು ಮಾತ್ರ ಗಟ್ಟಿಯಾದುದು.

ಬಂದೂಕೋ ಮಳೆಯೋ

ಅರಿಜೋನಾದ ವನ್ಯಜೀವಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಜೀವವಿಜ್ಞಾನಿಗಳಾದ ವೆಂಡೆಲ್ ಸ್ವಾಂಕ್ ಮತ್ತು ಸ್ಟೀವ್ ಗ್ಯಾಲಿಜಿಯೋಲಿ ಅವರು ಗ್ಯಾಂಬೆಲ್ ಲಾವಕ್ಕಿಯ ಸಂಖ್ಯೆಯ ಮೇಲೆ ಬೇಟೆ ಮತ್ತು ಮಳೆಗಳ ಪರಿಣಾಮವನ್ನು ಕುರಿತ ಪ್ರಬಂಧವನ್ನು 1954ರಲ್ಲಿ ಪ್ರಕಟಿಸಿದರು. ಬೇಟೆ ನಡೆಯುವ ಪ್ರದೇಶವನ್ನೂ ಬೇಟೆಗೆ ಮುಚ್ಚಿದ ಪ್ರದೇಶವನ್ನೂ ಹೋಲಿಸುವುದು ಅವರ ವಿಧಾನ. ಎರಡೂ ಕಡೆ ಹಕ್ಕಿಗಳ ಸಂಖ್ಯೆ ಒಂದೇ ರೀತಿ ಏರಿಳಿಯುತ್ತಿತ್ತು, ಮತ್ತು ಆ ಏರಿಳಿತ ಚಳಿಗಾಲದ ಮಳೆಯನ್ನು ಅನುಸರಿಸುತ್ತಿತ್ತು. ಬೇಟೆಯನ್ನು ನಿಲ್ಲಿಸಿದ ಜಾಗದಲ್ಲಿ ಹಕ್ಕಿಗಳು ಕೂಡಿಡಲ್ಪಡಲಿಲ್ಲ.

ಇದಕ್ಕೆ ಕಾರಣ ಲಾವಕ್ಕಿಯ ಅಲ್ಪಾಯುಷ್ಯ. ಬೇಟೆಗಾರರಿರಲಿ ಇಲ್ಲದಿರಲಿ, ಗಿಡುಗ, ಕಾಯೋಟಿ, ಬಾಬ್‌ಕ್ಯಾಟ್, ಹಾವು, ಚಳಿ, ಹಸಿವುಗಳಿಂದ ಹಕ್ಕಿಗಳ ದೊಡ್ಡ ಪಾಲು ಮುಂದಿನ ವಸಂತದೊಳಗೆ ಸಾಯುತ್ತದೆ. ಬೇಟೆಯಲ್ಲಿ ಸತ್ತ ಹಕ್ಕಿಗಳಲ್ಲಿ ಅನೇಕವು ಹೇಗೂ ಬದುಕಿ ಉಳಿಯುತ್ತಿರಲಿಲ್ಲ. ವನ್ಯಜೀವಿ ಶಾಸ್ತ್ರದಲ್ಲಿ ಇದನ್ನು ಸರಿದೂಗುವ ಮರಣವೆಂದು ಕರೆಯುತ್ತಾರೆ. ಇದರೊಂದಿಗೆ ಒಂದು ಮಾನವ ಸ್ವಭಾವವೂ ಕೆಲಸ ಮಾಡುತ್ತದೆ: ಹಕ್ಕಿಗಳು ವಿರಳವಾದ ವರ್ಷ ಬೇಟೆಗಾರರು ಒಂದೆರಡು ದಿನ ಸುತ್ತಿ ಬರಿಗೈಯಲ್ಲಿ ಹಿಂದಿರುಗಿ, ಮತ್ತೆ ಹೋಗುವುದಿಲ್ಲ.

ಈ ಅಧ್ಯಯನದ ನಂತರ ರಾಜ್ಯದಲ್ಲಿ ಲಾವಕ್ಕಿಯ ಋತುವನ್ನು ಕ್ರಮೇಣ ವಿಸ್ತರಿಸಲಾಯಿತು. ಈಗ ಅದು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಆರಂಭದವರೆಗೆ ಇರುತ್ತದೆ. ಬರದ ವರ್ಷಗಳಲ್ಲೂ ಅದನ್ನು ಮೊಟಕುಗೊಳಿಸುವುದು ರೂಢಿಯಲ್ಲಿಲ್ಲ. ಹೊರಗಿನವರಿಗೆ ಇದು ನಿರ್ಲಕ್ಷ್ಯದಂತೆ ಕಂಡರೂ ಅದರ ಹಿಂದೆ ಈ ವಾದವಿದೆ.

ಋತುವಿನ ಮುನ್ನಂದಾಜು

ಮಳೆಯೇ ನಿರ್ಣಾಯಕವಾದ್ದರಿಂದ ಬೇಟೆ ಹೇಗಿದ್ದೀತು ಎಂಬುದನ್ನು ಆರು ತಿಂಗಳು ಮೊದಲೇ ಅಂದಾಜು ಮಾಡಬಹುದು. ಮೊದಲ ಸುಳಿವು ಮಳೆಯ ಲೆಕ್ಕ. ಎರಡನೆಯದು ವಸಂತದ ಕೂಗಿನ ಎಣಿಕೆ: ಸಿಬ್ಬಂದಿ ಗೊತ್ತಾದ ದಾರಿಗಳಲ್ಲಿ ಬೆಳಗಿನ ಜಾವ ಸಾಗಿ, ಗೊತ್ತಾದ ಸ್ಥಳಗಳಲ್ಲಿ ನಿಂತು, ಹೆಣ್ಣನ್ನು ಕರೆಯುವ ಗಂಡು ಹಕ್ಕಿಗಳ ಕೂಗನ್ನು ಎಣಿಸುತ್ತಾರೆ. ಕೂಗುವ ಗಂಡುಗಳು ಹೆಚ್ಚಿದ್ದಷ್ಟೂ ಶರತ್ಕಾಲದಲ್ಲಿ ಮರಿಗಳು ಹೆಚ್ಚು.

ಮೂರನೆಯ ಮಾಹಿತಿ ಋತು ಆರಂಭವಾದ ಮೇಲೆ ಬೇಟೆಗಾರರಿಂದಲೇ ಸಿಗುತ್ತದೆ. ಲಾವಕ್ಕಿಯ ರೆಕ್ಕೆಯಲ್ಲಿ ಹಾರುಗರಿಗಳ ಬುಡವನ್ನು ಮುಚ್ಚುವ ಹೊದಿಕೆಗರಿಗಳ ತುದಿ ಮಸುಕು ಬಣ್ಣದ್ದಾಗಿದ್ದರೆ ಅದು ಆ ವರ್ಷದ ಹಕ್ಕಿ. ಏಕಬಣ್ಣವಾಗಿದ್ದರೆ ಪ್ರಾಯದ್ದು. ಸಂಗ್ರಹಿಸಿದ ರೆಕ್ಕೆಗಳಲ್ಲಿ ಎಳೆಯವುಗಳ ಪ್ರಮಾಣ ನೋಡಿ ಆ ವರ್ಷ ಮರಿಗಳು ಎಷ್ಟರಮಟ್ಟಿಗೆ ಬದುಕಿದವೆಂದು ತಿಳಿಯುತ್ತಾರೆ. ಎಳೆಯ ಹಕ್ಕಿಗಳೇ ಬಹುಸಂಖ್ಯೆಯಲ್ಲಿದ್ದರೆ ಒಳ್ಳೆಯ ವರ್ಷ. ಪ್ರಾಯದವೇ ಹೆಚ್ಚಿದ್ದರೆ ಹಕ್ಕಿಗಳು ಕಡಿಮೆಯಿರುವುದಷ್ಟೇ ಅಲ್ಲ, ಇದ್ದವೂ ಅನುಭವಿಗಳಾಗಿದ್ದು ಬಂದೂಕಿಗೆ ಸುಲಭವಾಗಿ ಸಿಗುವುದಿಲ್ಲ.

ಬೇಸಗೆಯ ಮಳೆಯ ಹಕ್ಕಿ

ಚಳಿಗಾಲದ ಮಳೆಯ ನಿಯಮ ಎಲ್ಲ ಲಾವಕ್ಕಿಗಳಿಗೂ ಅನ್ವಯಿಸುವುದಿಲ್ಲ. ಆಗ್ನೇಯ ಅರಿಜೋನಾದಲ್ಲಿ ಮರುಭೂಮಿಯ ಅಂಚಿನಿಂದ ಮೇಲೇಳುವ ಬೆಟ್ಟಗಳ ಓಕ್ ಕಾಡುಗಳಲ್ಲಿ ಮೆರ್ನ್ಸ್ ಲಾವಕ್ಕಿ ವಾಸಿಸುತ್ತದೆ. ಕೊನ್ನಾರಿ ಗಡ್ಡೆ ಮತ್ತು ಹುಳಿಸೊಪ್ಪುಗಳ ಜಾತಿಗೆ ಸೇರಿದ ಸಸ್ಯಗಳ ಗಡ್ಡೆಗಳನ್ನು ಕಾಲುಗುರುಗಳಿಂದ ಅಗೆದು ತಿನ್ನುವ ಈ ಹಕ್ಕಿ ಬೇಸಗೆಯ ಮಾನ್ಸೂನ್ ಆರಂಭವಾದ ಮೇಲೆಯೇ ಗೂಡುಕಟ್ಟುತ್ತದೆ. ಮರಿಗಳು ತಡವಾಗಿ ಬಲಿಯುವುದರಿಂದ ಇದರ ಋತುವೂ ತಡವಾಗಿ, ಡಿಸೆಂಬರಿನಲ್ಲಿ ತೆರೆಯುತ್ತದೆ. ಅಪಾಯ ಕಂಡಾಗ ಓಡದೆ ಹುಲ್ಲಿನಲ್ಲಿ ಅಲುಗದೆ ಕುಳಿತುಕೊಳ್ಳುವುದು ಇದರ ಸ್ವಭಾವ. ಆದ್ದರಿಂದ ದನಗಳು ಹುಲ್ಲನ್ನು ಬುಡದವರೆಗೆ ಮೇದರೆ ಒಳ್ಳೆಯ ಮಳೆಯಾದ ವರ್ಷದಲ್ಲೂ ಇದಕ್ಕೆ ಅಡಗುತಾಣವಿಲ್ಲದಂತಾಗುತ್ತದೆ. ಪೂರ್ವದ ಹುಲ್ಲುಬಯಲುಗಳಲ್ಲಿರುವ ಸ್ಕೇಲ್ಡ್ ಲಾವಕ್ಕಿಯೂ ಬೇಟೆಯ ಹಕ್ಕಿಯೇ.

ಬೆಳವಗಳು

ಸೆಪ್ಟೆಂಬರ್ 1 ಬೆಳವದ ಋತುವಿನ ಮೊದಲ ದಿನ. ಯೂಮಾ ಸುತ್ತಲಿನ ನೀರಾವರಿ ಹೊಲಗಳಿಗೆ ಅಂದು ಬೇಟೆಗಾರರು ದೂರದೂರದಿಂದ ಬರುತ್ತಾರೆ. ಮುಖ್ಯವಾದ ಪ್ರಭೇದಗಳು ಎರಡು: ಮೌರ್ನಿಂಗ್ ಡವ್ ಮತ್ತು ಬಿಳಿರೆಕ್ಕೆಯ ಬೆಳವ. ಎರಡನೆಯದು ಸಗುವಾರೊ ಕಳ್ಳಿಯ ಹೂವಿನ ಮಕರಂದವನ್ನೂ ಹಣ್ಣನ್ನೂ ತಿಂದು ಬದುಕುವ, ಆ ಕಳ್ಳಿಯ ಪರಾಗಸ್ಪರ್ಶಕ್ಕೂ ನೆರವಾಗುವ ಹಕ್ಕಿ. ಬೇಸಗೆ ಮುಗಿಯುತ್ತಿದ್ದಂತೆ ಇದು ದಕ್ಷಿಣಕ್ಕೆ ವಲಸೆ ಹೋಗುತ್ತದೆ. ಆಗಸ್ಟ್ ಕೊನೆಯಲ್ಲಿ ಬಿರುಮಳೆ ಬಂದು ಹವೆ ತಂಪಾದರೆ ಋತು ತೆರೆಯುವ ಮೊದಲೇ ಬಹಳಷ್ಟು ಹಕ್ಕಿಗಳು ಹೊರಟುಹೋಗಿರುತ್ತವೆ. ಲಾವಕ್ಕಿಗೆ ವರವಾದ ಮಳೆ ಬೆಳವದ ಬೇಟೆಗೆ ಹೀಗೆ ಅಡ್ಡಿಯಾಗಬಹುದು. ನದಿತೀರದ ಮೆಸ್ಕೀಟ್ ಕಾಡುಗಳನ್ನು ಕಡಿದದ್ದರಿಂದ ಇದರ ಗೂಡುತಾಣಗಳು ಬಹಳವಾಗಿ ಕುಗ್ಗಿವೆ.

ಇವೆರಡೂ ವಲಸೆ ಹಕ್ಕಿಗಳಾದ್ದರಿಂದ 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಋತುವಿನ ಚೌಕಟ್ಟನ್ನು ಒಕ್ಕೂಟ ಸರ್ಕಾರ ನಿಗದಿಪಡಿಸುತ್ತದೆ. ಬಂದೂಕಿನಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತೋಟಾಗಳು ಹಿಡಿಯಬಾರದು ಎಂಬ ನಿಯಮವೂ ಇದೆ. ಮೂರನೆಯದೊಂದು ಬೆಳವಕ್ಕೆ ಈ ರಕ್ಷಣೆಯಿಲ್ಲ. ಅದು ಕರ್ನಾಟಕದ ಒಣನಾಡಿನಲ್ಲಿ ಸಾಮಾನ್ಯವಾಗಿ ಕಾಣುವ, ಕುತ್ತಿಗೆಯಲ್ಲಿ ಕಪ್ಪು ಪಟ್ಟಿಯುಳ್ಳ ಬೆಳವ. 1970ರ ದಶಕದಲ್ಲಿ ಬಹಾಮಾಸ್ ದ್ವೀಪಗಳಲ್ಲಿ ಪಂಜರದಿಂದ ತಪ್ಪಿಸಿಕೊಂಡ ಇದರ ಸಂತತಿ ಫ್ಲೋರಿಡಾ ತಲುಪಿ, ಅಲ್ಲಿಂದ ಅಮೆರಿಕದ ಬಹುಭಾಗಕ್ಕೆ ಹಬ್ಬಿತು. ಹೊರಗಿನಿಂದ ಬಂದ ಪ್ರಭೇದವಾದ್ದರಿಂದ ಅರಿಜೋನಾದಲ್ಲಿ ಇದನ್ನು ಬೇಟೆಯಾಡಲು ಸಂಖ್ಯೆಯ ಮಿತಿಯಿಲ್ಲ.

ಮೊಲಗಳು

ಕನ್ನಡದ ‘ಮೊಲ’ ಎಂಬ ಒಂದೇ ಪದ ಎರಡು ಬಗೆಯ ಪ್ರಾಣಿಗಳನ್ನು ಸೂಚಿಸುತ್ತದೆ. ಸೊನೊರಾದಲ್ಲಿ ಎರಡೂ ಇವೆ. ಮರುಭೂಮಿಯ ಕಾಟನ್‌ಟೇಲ್ ಚಿಕ್ಕದು. ಅದು ಪೊದೆಯಿಂದ ಪೊದೆಗೆ ಸರಿಯುತ್ತ ಬದುಕುತ್ತದೆ, ಅದರ ಮರಿಗಳು ಹುಟ್ಟುವಾಗ ಕುರುಡು ಹಾಗೂ ರೋಮರಹಿತ. ಹೆಸರಿನಲ್ಲಿ ‘ರ್ಯಾಬಿಟ್’ ಇದ್ದರೂ ಜಾಕ್‌ರ್ಯಾಬಿಟ್ ಭಾರತದ ಕಾಡುಮೊಲದ ಕುಲಕ್ಕೆ ಸೇರಿದ್ದು. ಅದರ ಮರಿಗಳು ರೋಮ ಹೊದ್ದು, ಕಣ್ಣು ತೆರೆದು ಹುಟ್ಟುತ್ತವೆ, ಮತ್ತು ಅದು ವೇಗವನ್ನೇ ನಂಬಿ ಬಯಲಿನಲ್ಲಿ ಬದುಕುತ್ತದೆ. ಕಪ್ಪುಬಾಲದ ಜಾಕ್‌ರ್ಯಾಬಿಟ್ ಪಶ್ಚಿಮ ಅಮೆರಿಕದಲ್ಲೆಲ್ಲ ಇದೆ. ಇನ್ನೂ ದೊಡ್ಡದಾದ ಆ್ಯಂಟಿಲೋಪ್ ಜಾಕ್‌ರ್ಯಾಬಿಟ್ ಅಮೆರಿಕದೊಳಗೆ ದಕ್ಷಿಣ ಅರಿಜೋನಾ ಮತ್ತು ಅದರ ನೆರೆಯಲ್ಲಷ್ಟೇ ಇದೆ. ಇವುಗಳ ಉದ್ದನೆಯ ತೆಳುಕಿವಿಗಳು ಮೈಯ ಬಿಸಿಯನ್ನು ಹೊರಹಾಕಲು ನೆರವಾಗುತ್ತವೆ.

ಮೊಲಗಳ ಬೇಟೆಗೆ ವರ್ಷವಿಡೀ ಅವಕಾಶವಿದೆ. ಆದರೂ ಅನುಭವಿಗಳು ಚಳಿ ಬೀಳುವವರೆಗೆ ಕಾಯುತ್ತಾರೆ. ಮೊಲಗಳಿಂದ ಮನುಷ್ಯರಿಗೆ ತಗಲುವ ತುಲರೀಮಿಯಾ ರೋಗಕ್ಕೂ ಅವುಗಳ ಮೈಮೇಲಿನ ಚಿಗಟಗಳಿಂದ ಹರಡಬಹುದಾದ ಪ್ಲೇಗಿಗೂ ಬೇಸಗೆಯಲ್ಲಿ ಅಪಾಯ ಹೆಚ್ಚೆಂಬುದು ಇದಕ್ಕೆ ಕಾರಣ. ಚರ್ಮ ಸುಲಿಯುವಾಗ ಕೈಗವಸು ಧರಿಸಿ, ಮಾಂಸವನ್ನು ಪೂರ್ತಿ ಬೇಯಿಸಬೇಕೆಂಬ ಸಲಹೆ ಎಲ್ಲ ಋತುಗಳಿಗೂ ಅನ್ವಯಿಸುತ್ತದೆ. 2020ರ ವಸಂತದಲ್ಲಿ ಆರ್‌ಎಚ್‌ಡಿವಿ-2 ಎಂಬ ಮಾರಕ ವೈರಾಣು ನೈಋತ್ಯ ಅಮೆರಿಕದ ಕಾಡುಮೊಲಗಳಲ್ಲಿ ಕಾಣಿಸಿಕೊಂಡಿತು. ಇದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ಕಾಟನ್‌ಟೇಲ್ ಮತ್ತು ಜಾಕ್‌ರ್ಯಾಬಿಟ್ ಎರಡನ್ನೂ ಕೊಲ್ಲುತ್ತದೆ, ಮತ್ತು ಸತ್ತ ಪ್ರಾಣಿಯ ಶವದಲ್ಲಿ ಬಹುಕಾಲ ಉಳಿಯಬಲ್ಲದು. ಕಾರಣ ತಿಳಿಯದೆ ಸತ್ತುಬಿದ್ದ ಮೊಲಗಳನ್ನು ಮುಟ್ಟದೆ ಇಲಾಖೆಗೆ ತಿಳಿಸುವಂತೆ ಬೇಟೆಗಾರರಿಗೆ ಸೂಚಿಸಲಾಗಿದೆ.

ನಿಯಮಗಳು ಮತ್ತು ಭೂಮಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಮೊಲ ಸೇರಿದಂತೆ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಅಮೆರಿಕದ ವ್ಯವಸ್ಥೆ ಇದಕ್ಕಿಂತ ಭಿನ್ನ. ಅಲ್ಲಿ ವನ್ಯಜೀವಿಗಳು ಸಾರ್ವಜನಿಕರ ಸ್ವತ್ತೆಂದು ಪರಿಗಣಿತವಾಗಿದ್ದು, ರಾಜ್ಯವು ಪರವಾನಗಿ ಮೂಲಕ ಬೇಟೆಯನ್ನು ನಿಯಂತ್ರಿಸುತ್ತದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ವಸೂಲಾಗುವ ಅಬಕಾರಿ ತೆರಿಗೆಯು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಉದ್ದ ಬಂದೂಕುಗಳ ಮೇಲೆ ಇದು ಶೇಕಡಾ 11.

ಮರುಭೂಮಿಯ ದೊಡ್ಡ ಭಾಗ ಒಕ್ಕೂಟ ಸರ್ಕಾರದ ಒಡೆತನದಲ್ಲಿದ್ದು ಬೇಟೆಗೆ ತೆರೆದಿದೆ. ಐರನ್‌ವುಡ್ ಫಾರೆಸ್ಟ್ ರಾಷ್ಟ್ರೀಯ ಸ್ಮಾರಕದಲ್ಲಿ ಬೇಟೆಗೆ ಅವಕಾಶವಿದೆ. ಅದರ ಹತ್ತಿರದಲ್ಲೇ ಇರುವ ಸಗುವಾರೊ ರಾಷ್ಟ್ರೀಯ ಉದ್ಯಾನದಲ್ಲಿ ಇಲ್ಲ. ಟೊಹೊನೊ ಒ'ಒಧಾಮ್ ಬುಡಕಟ್ಟಿನ ವಿಶಾಲ ಭೂಮಿಯಲ್ಲಿ ಆ ಬುಡಕಟ್ಟಿನ ಆಡಳಿತದ್ದೇ ನಿಯಮ.

ಬೇಟೆಯ ಕಷ್ಟಗಳು

ಗ್ಯಾಂಬೆಲ್ ಲಾವಕ್ಕಿ ಹಾರುವುದಕ್ಕಿಂತ ಓಡುವುದನ್ನು ಇಷ್ಟಪಡುತ್ತದೆ. ಬೇಟೆಗಾರ ಹಿಂಡನ್ನು ಬೆನ್ನಟ್ಟಿ ಚದುರಿಸಬೇಕು. ಚದುರಿದ ಮೇಲೆ ಒಂಟಿ ಹಕ್ಕಿಗಳು ಪೊದೆಗಳಲ್ಲಿ ಅಡಗಿ ಕುಳಿತುಕೊಳ್ಳುತ್ತವೆ. ಒಣಹವೆಯಲ್ಲಿ ವಾಸನೆ ನಿಲ್ಲದ ಕಾರಣ ಒಳ್ಳೆಯ ನಾಯಿಗಳಿಗೂ ಇವನ್ನು ಹುಡುಕುವುದು ಕಷ್ಟ. ಚೋಯ ಎಂಬ ಕಳ್ಳಿಯ ತುಂಡುಗಳು ನಾಯಿಯ ಪಂಜಕ್ಕೆ, ಬಾಯಿಗೆ ಅಂಟಿಕೊಳ್ಳುತ್ತವೆ. ಅವನ್ನು ಕೈಯಿಂದ ತೆಗೆಯಲಾಗದ್ದರಿಂದ ಬೇಟೆಗಾರರು ಬಾಚಣಿಗೆ ಮತ್ತು ಇಕ್ಕಳವನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಋತುವಿನ ಆರಂಭದ ವಾರಗಳಲ್ಲಿ ಬುಡುಬುಡಿಕೆ ಹಾವುಗಳು ಇನ್ನೂ ಚುರುಕಾಗಿರುತ್ತವೆ. ಸೆಪ್ಟೆಂಬರಿನಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬೆಳವದ ಮಾಂಸ ಬೇಗ ಕೆಡುತ್ತದೆ. ಹೀಗಾಗಿ ಹಕ್ಕಿಗಳನ್ನು ಕೂಡಲೇ ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಬೇಕಾಗುತ್ತದೆ.

ದೀರ್ಘ ಬರ ಮತ್ತು ಹೊಸ ಪ್ರಶ್ನೆಗಳು

1940ರ ದಶಕದಿಂದ ಮಳೆನೀರನ್ನು ಹಿಡಿದಿಡುವ ಸಣ್ಣ ತೊಟ್ಟಿಗಳನ್ನು ಲಾವಕ್ಕಿಗಳಿಗಾಗಿ ಕಟ್ಟಲಾಗುತ್ತಿದೆ. ಇಳಿಜಾರಾದ ಕಾಂಕ್ರೀಟ್ ಹಾಸಿನಿಂದ ನೀರು ನೆಲದೊಳಗಿನ ತೊಟ್ಟಿಗೆ ಹರಿಯುತ್ತದೆ, ಹಕ್ಕಿಗಳು ಒಳಗೆ ನಡೆದುಹೋಗಿ ಕುಡಿಯುತ್ತವೆ. ಇವು ಎಷ್ಟು ಪ್ರಯೋಜನಕಾರಿ ಎಂಬುದು ವಿವಾದಿತ. ಹಸಿರೆಲೆ, ರಸಭರಿತ ಹಣ್ಣುಗಳಿಂದಲೇ ಬೇಕಾದ ನೀರಿನ ಬಹುಭಾಗವನ್ನು ಪಡೆಯುವ ಹಕ್ಕಿಗೆ ತೊಟ್ಟಿಯ ನೀರು ಒಣ ಬೇಸಗೆಯಲ್ಲಿ ಬದುಕುಳಿಯಲು ನೆರವಾಗಬಹುದು. ಆದರೆ ಮಳೆಯಿಂದ ಚಿಗುರಬೇಕಾದ ಹಸಿರನ್ನು ತೊಟ್ಟಿ ಕೊಡಲಾರದು.

2022ರಲ್ಲಿ ಪ್ರಕಟವಾದ, ಮರಗಳ ವಾರ್ಷಿಕ ಉಂಗುರಗಳನ್ನು ಆಧರಿಸಿದ ಅಧ್ಯಯನವೊಂದರ ಪ್ರಕಾರ 2000ದಿಂದ 2021ರವರೆಗಿನ 22 ವರ್ಷಗಳು ನೈಋತ್ಯ ಉತ್ತರ ಅಮೆರಿಕದಲ್ಲಿ ಕನಿಷ್ಠ ಕ್ರಿ.ಶ. 800ರಿಂದೀಚಿನ ಅತ್ಯಂತ ಒಣ ಅವಧಿ. ಗ್ಯಾಲಿಜಿಯೋಲಿಯವರ ಕಾಲದ ತರ್ಕವು ಒಂದು ಕೆಟ್ಟ ವರ್ಷದ ನಂತರ ಒಳ್ಳೆಯ ವರ್ಷ ಬಂದೇ ಬರುತ್ತದೆ ಎಂಬುದನ್ನು ನೆಚ್ಚಿಕೊಂಡಿತ್ತು. ಹಲವು ವರ್ಷ ಸತತವಾಗಿ ಮರಿಗಳಾಗದಿದ್ದರೆ ಜನವರಿಯ ಕೊನೆಯವರೆಗೆ ಬದುಕಿ ಉಳಿದ ಪ್ರಾಯದ ಹಕ್ಕಿಗಳೇ ಮುಂದಿನ ಸಂತಾನಕ್ಕೆ ಆಧಾರ. ಅಂಥ ಹಕ್ಕಿಯನ್ನು ಋತುವಿನ ಕೊನೆಯಲ್ಲಿ ಕೊಂದರೆ ಅದು ಸರಿದೂಗುವ ಮರಣವಾಗದೆ ಹೆಚ್ಚುವರಿ ನಷ್ಟವಾಗಬಹುದೆಂಬುದು ಹಳೆಯ ನೀತಿಯನ್ನು ಪ್ರಶ್ನಿಸುವವರ ವಾದ. ಬೇಟೆಗಾರರಲ್ಲೇ ಕೆಲವರು ಇಂಥ ವರ್ಷಗಳಲ್ಲಿ ಒಂದು ಹಿಂಡಿನಿಂದ ಒಂದೆರಡು ಹಕ್ಕಿಗಳಿಗಿಂತ ಹೆಚ್ಚು ತೆಗೆಯದಿರುವ ಸ್ವಯಂನಿಯಮವನ್ನು ಪಾಲಿಸುತ್ತಾರೆ. ಋತುವನ್ನು ಉಳಿಸಿಕೊಳ್ಳಬೇಕೆನ್ನುವವರು, ಬೇಟೆ ಮುಚ್ಚಿದ ಪ್ರದೇಶಗಳಲ್ಲೂ ಹಕ್ಕಿಗಳು ಅಷ್ಟೇ ವಿರಳವಾಗುವುದನ್ನು ತೋರಿಸುತ್ತಾರೆ.

ಬಂದೂಕಿಗೂ ಮಳೆಗೂ ಸಂಬಂಧಿಸದ ಮೂರನೆಯ ಅಂಶವೊಂದು ಈಗ ಸೇರಿಕೊಂಡಿದೆ. ಆಫ್ರಿಕಾ ಮತ್ತು ಏಷ್ಯಾದ ಒಣಪ್ರದೇಶಗಳಿಗೆ ಸೇರಿದ, ಭಾರತದಲ್ಲಿ ಅಂಜನ್ ಹುಲ್ಲು ಎಂದು ಕರೆಯಲ್ಪಡುವ ಬಫೆಲ್ ಹುಲ್ಲನ್ನು ದನಗಳ ಮೇವಿಗೂ ಮಣ್ಣು ಕೊಚ್ಚಿಹೋಗದಂತೆ ತಡೆಯುವುದಕ್ಕೂ ಇಪ್ಪತ್ತನೆಯ ಶತಮಾನದಲ್ಲಿ ಅರಿಜೋನಾ ಮತ್ತು ಸೊನೊರಾಗಳಿಗೆ ತರಲಾಯಿತು. ಸಹಜ ಮರುಭೂಮಿಯಲ್ಲಿ ಗಿಡಗಳ ನಡುವೆ ಬರಿನೆಲವಿದ್ದು ಬೆಂಕಿ ಹರಡುತ್ತಿರಲಿಲ್ಲ. ಈ ಹುಲ್ಲು ಆ ಬರಿನೆಲವನ್ನು ತುಂಬಿ ಬೆಂಕಿಗೆ ದಾರಿ ಮಾಡಿಕೊಡುತ್ತದೆ. ಸಗುವಾರೊ ಮತ್ತು ಪಾಲೊ ವರ್ಡೆಗಳು ಬೆಂಕಿಗೆ ಹೊಂದಿಕೊಂಡ ಸಸ್ಯಗಳಲ್ಲ. ಅವು ಸುಟ್ಟ ಜಾಗದಲ್ಲಿ ಬಫೆಲ್ ಹುಲ್ಲು ಮತ್ತೆ ಬೇಗನೆ ಚಿಗುರಿ ಇನ್ನಷ್ಟು ದಟ್ಟವಾಗುತ್ತದೆ. ಅಂಥ ನೆಲದಲ್ಲಿ ಚಳಿಗಾಲದ ಮಳೆ ಬಿದ್ದರೂ ಲಾವಕ್ಕಿಗೆ ಬೇಕಾದ ಏಕವಾರ್ಷಿಕ ಸಸ್ಯಗಳು ಮೇಲೇಳಲು ಜಾಗ ಸಿಗುವುದಿಲ್ಲ.